ಕಳಪೆಯ ಸರದಿ

ಮಾರ್ಚ್ ೧೧

ಪ್ರೀತಿಯ ಮೊಂಡನಿಗೆ,

ಮಂಡಿನೋವು ಒಂದನ್ನು ಬಿಟ್ಟರೆ ಇಲ್ಲಿ ದೂರುವಂಥದ್ದೇನೂ ಇಲ್ಲ. ಫೋನಿನಲ್ಲಿ ಮಾತಾಡಿದರೆ ನೀನು ಎಲ್ಲದಕ್ಕೂ "ಹೂಂ, ಹೂಂ" ಅನ್ನುತ್ತೀಯ. ಬರೀ ಹೂಂ ಎಂದು ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು ಎಂಬ ಆಸೆಯಿಂದ ಕಾಗದ ಹಿಡಿದು ಕೂತಿದ್ದೇನೆ.

ನಿನಗೆ ದೊಡ್ಡ ಹುದ್ದೆ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬಂತು. ನಿನ್ನ ಭಾವ ಆ ಪುಟವನ್ನು ಕತ್ತರಿಸಿ ಹೊಲಿಗೆ ಅಂಗಡಿಯ ಕನ್ನಡಿಗೆ ಅಂಟಿಸಿದ್ದಾರೆ. ಅಳತೆ ಕೊಡಲು ನಿಂತವರು ಯಾರಾದರೂ "ಇವರ್ಯಾರು?" ಎಂದು ಕೇಳಿದರೆ ಮುಗಿಯಿತು. "ನನ್ನ ಭಾಮೈದ. ಸರ್ಕಾರಿ ನೌಕರರಿಗೆ ಅವರ ಸಾಹೇಬರು ವರ್ಷಾ ವರ್ಷಾ ದರ್ಜೆ ಹಾಕ್ತಾರಲ್ಲ, ಅದನ್ನ ನ್ಯಾಯವಾಗಿ ಹಾಕಿದ್ದಾರಾ ಇಲ್ವಾ ಅಂತ ನೋಡೋ ಸ್ವತಂತ್ರ ಮಂಡಳಿ. ಅದರಲ್ಲಿ ಇವನೊಬ್ಬ. ಯಾವ ಮಂತ್ರಿಯೂ ಇವನನ್ನ ಮುಟ್ಟೋ ಹಾಗಿಲ್ಲ!" ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ತೋಳಿನ ಅಳತೆ ಮರೆತಿರುತ್ತಾರೆ. ಹೋದ ವಾರ ಬ್ಯಾಂಕಿನವರೊಬ್ಬರ ಅಂಗಿಗೆ ಒಂದು ತೋಳು ಗಿಡ್ಡವಾಯಿತು. ನಿನ್ನ ಬಡ್ತಿಯ ಮೊದಲ ಫಲ ಅದು.

ಅಜ್ಜಿ ಹೇಳುತ್ತಿದ್ದ ಸೋಮಾರಿಯ ಕಥೆ ನೆನಪಿದೆಯೇ? ಒಂದು ಊರು, ಆ ಊರಿಗೊಬ್ಬ ರಾಜ. ದಿನಕ್ಕೊಬ್ಬ ಸೋಮಾರಿಯನ್ನು ಹಿಡಿದು ತಂದು ಛಡಿ ಏಟು ಕೊಡಿಸಿದರೆ ಊರು ಉದ್ಧಾರವಾಗುತ್ತದೆ ಎಂದು ಯಾರೋ ಅವನ ಕಿವಿ ಊದಿದರು. ಮೊದಲ ವಾರ ಸೋಮಾರಿಗಳು ಸಿಕ್ಕರು, ಆಮೇಲೆ ಮುಗಿದುಹೋದರು. ಬಿತ್ತಿದರೆ ಬೆಳೆಯಲು ಸೋಮಾರಿ ಏನು ಜೋಳವೇ? ಕೊನೆಗೆ ಊರವರೇ ಸೇರಿ ಮಾತಾಡಿಕೊಂಡರು. ದಿನಕ್ಕೊಬ್ಬರು ಸರದಿಯ ಮೇಲೆ ಮರದ ಕೆಳಗೆ ಮಲಗುವುದು, ಏಟು ತಿನ್ನುವುದು. ಅವತ್ತು ಅವರ ಹೊಲದ ಕೆಲಸವನ್ನು ಉಳಿದವರು ಮಾಡಿಕೊಡುವುದು. ಅಲ್ಲಿಂದ ಮುಂದೆ ನನಗೆ ನಿದ್ದೆ ಬಂದುಬಿಡುತ್ತಿತ್ತು. ಕೊನೆ ಏನಾಯಿತೋ ಇವತ್ತಿಗೂ ಗೊತ್ತಿಲ್ಲ.

ನಮ್ಮ ತೂಕ ಮತ್ತು ಅಳತೆಯ ಕಚೇರಿಯಲ್ಲಿ ಐದು ವರ್ಷದಿಂದ ನಡೆಯುತ್ತಿರುವುದು ಇದೇ ಕಥೆ. ನಾವು ಏಳು ಜನ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಎಣ್ಣೆಯ ಅಳತೆ ಸರಿಯಿದೆಯೇ ಎಂದು ನೋಡುವವರು. ಏಳರಲ್ಲಿ ಒಬ್ಬರಿಗೆ 'ಅತ್ಯುತ್ತಮ', ಒಬ್ಬರಿಗೆ 'ಕಳಪೆ' ಎಂದು ಬರೆಯಲೇಬೇಕು ಎಂದು ಮೇಲಿನ ಅಪ್ಪಣೆ. ಎಲ್ಲರೂ ಚೆನ್ನಾಗಿ ದುಡಿದರೆ? ದುಡಿಯಲಿ, ಯಾರು ಬೇಡ ಎಂದರು. ಆದರೂ ಒಬ್ಬರು ಕಳಪೆಯಾಗಬೇಕು. ಮೊದಲ ವರ್ಷ ನಮ್ಮ ಕೆಮ್ಮು ಸಾಹೇಬರು ಆ ಕಾಗದ ಹಿಡಿದು ಕೂತರು. ಅವರು ಕೆಮ್ಮದೆ ಮಾತು ಶುರು ಮಾಡುವವರಲ್ಲ. ಅವತ್ತು ಕೆಮ್ಮು ಬಂತು, ಮಾತು ಬರಲಿಲ್ಲ. ಅಷ್ಟು ಒಳ್ಳೆಯ ಮನುಷ್ಯ. "ಸಾರ್, ನಾನು ಎಲ್ಲರಿಗಿಂತ ಹಳಬಳು. ಈ ವರ್ಷ ನನ್ನ ಹೆಸರು ಬರ್ಕೊಳ್ಳಿ, ಮುಂದಿನ ವರ್ಷಕ್ಕೆ ಬೇರೆಯವರು ಇದ್ದೇ ಇದ್ದಾರೆ" ಎಂದೆ. ಅಲ್ಲಿಂದ ಸರದಿ ಶುರುವಾಯಿತು.

ಸರದಿಗೂ ಒಂದು ಮರ್ಯಾದೆ ಇದೆ ಕಣೋ. ಆ ವರ್ಷದ ಕಳಪೆಗೆ ಕಿಟಕಿಯ ಪಕ್ಕದ ಮೇಜು. ಅವರ ತೂಕದ ಕಲ್ಲಿನ ಪೆಟ್ಟಿಗೆಯನ್ನು ವರ್ಷಪೂರ್ತಿ ಉಳಿದವರು ಹೊರಬೇಕು. ಅವರ ದೋಷಗಳನ್ನು ಅವರೇ ಬರೆದುಕೊಳ್ಳಬೇಕು, ಚಹಾ ಕುಡಿಯುತ್ತಾ, ಎಲ್ಲರ ಎದುರಿಗೆ. ಚೆನ್ನಾಗಿ ಬರೆದಷ್ಟೂ ಚಪ್ಪಾಳೆ.

ಈ ವರ್ಷದ ಸರದಿ ನಮ್ಮ ಮುದ್ರೆಯವನದು. ತೂಕದ ಕಲ್ಲಿನ ಹೊಟ್ಟೆಯಲ್ಲಿರುವ ಸೀಸದ ಮೇಲೆ ಸುತ್ತಿಗೆಯಿಂದ ವರ್ಷದ ಮುದ್ರೆ ಒತ್ತುವವನು. ಅವನ ಹೆಂಡತಿಗೆ ಬೇರೆ ಊರಿನಲ್ಲಿ ಕೆಲಸ, ಕೂಸು ಅವಳ ಹತ್ತಿರ. ವರ್ಗಾವಣೆಗೆ ಅರ್ಜಿ ಹಾಕಿದ್ದಾನೆ. ಕಳಪೆ ಬಂದರೆ ಅರ್ಜಿ ಕಸದ ಬುಟ್ಟಿಗೆ. ಕೂಸು ಅವನನ್ನು ನೋಡಿದರೆ ಯಾರೋ ಬಂದರೆಂದು ಬಾಗಿಲ ಹಿಂದೆ ಓಡುತ್ತದಂತೆ. "ನಿನ್ನ ಸರದಿ ನನಗಿರಲಿ ಬಿಡು, ನನಗೆ ಕಿಟಕಿಯ ಗಾಳಿ ಹಿಡಿಸುತ್ತೆ" ಎಂದೆ. ನನ್ನ ದೋಷ ಏನು ಬರೆದುಕೊಂಡೆ ಗೊತ್ತೇ? "ಈಕೆ ಒಂದು ತಕ್ಕಡಿ ನೋಡುವಷ್ಟರಲ್ಲಿ ಅಂಗಡಿಯವನಿಗೆ ಒಂದು ಕಥೆ ಹೇಳಿ ಮುಗಿಸುತ್ತಾಳೆ. ಕಥೆ ಸರಿಯಾಗಿ ತೂಗುತ್ತದೆ, ತಕ್ಕಡಿಯ ವಿಷಯ ದೇವರೇ ಬಲ್ಲ." ಸಾಹೇಬರಿಗೆ ನಗುವಿನಲ್ಲಿ ಕೆಮ್ಮೇ ಮರೆತುಹೋಯಿತು.

ದೊಡ್ಡ ಮನುಷ್ಯನಾದೆ ಎಂದು ಊಟದ ಹೊತ್ತು ಮೀರಿಸಬೇಡ.

ನಿನ್ನ ಅಕ್ಕ


ಮಾರ್ಚ್ ೨೬

ಅಕ್ಕನಿಗೆ,

ಹೂಂ. (ಬರೆದೇ ಬಿಟ್ಟೆ. ಇನ್ನು ಉಳಿದದ್ದು.)

ಭಾವನಿಗೆ ಆ ಪುಟ ತೆಗೆಯಲು ಹೇಳು. ಬ್ಯಾಂಕಿನವರ ತೋಳಿನ ಪಾಪ ನನಗೆ ಬೇಡ.

ಈ ಹುದ್ದೆ ನನಗೆ ಯಾಕೆ ಮುಖ್ಯ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಿಲ್ಲಿಗೆ ಸಹಿ ಹಾಕಲಾರೆ ಎಂದ ತಪ್ಪಿಗೆ ನನ್ನ ಹಳೆಯ ಅಧಿಕಾರಿ ವರ್ಷಗಟ್ಟಲೆ ನನ್ನ ಹೆಸರಿನ ಮುಂದೆ 'ಸಾಧಾರಣ' ಎಂದು ಬರೆದ. ಅದೇ ಕೋಣೆಯಲ್ಲಿ ಮಧ್ಯಾಹ್ನಕ್ಕೆ ಬಂದು ಚಹಾಕ್ಕೆ ಎದ್ದು ಹೋಗುತ್ತಿದ್ದ ಅವನ ಷಡ್ಡಕ 'ಅತ್ಯುತ್ತಮ'. ಕೇಳುವವರಿರಲಿಲ್ಲ. ಮೇಲಿನವನು ಕೆಳಗಿನವನ ಬಗ್ಗೆ ಬರೆದದ್ದನ್ನು ಹೊರಗಿನವರು ಒಬ್ಬರಾದರೂ ನೋಡುವಂತಿದ್ದರೆ ಎಂದು ಆಗ ಎಷ್ಟು ಸಲ ಅಂದುಕೊಂಡಿದ್ದೇನೋ. ಈಗ ನೋಡುವ ಜಾಗದಲ್ಲಿ ನಾನೇ ಕೂತಿದ್ದೇನೆ. ನಾವು ಐದು ಜನ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಅವರ ಹತ್ತಿರ ಯಾರ ಶಿಫಾರಸೂ ನಡೆಯುವುದಿಲ್ಲ.

ಅದಕ್ಕೇ ಒಂದು ಮಾತು. ನಿಮ್ಮ ಕಚೇರಿಯ ಸರದಿಯ ವಿಷಯವನ್ನು ನಾನು ತಮ್ಮನಾಗಿ ಓದಿ ನಕ್ಕಿದ್ದೇನೆ, ಸದಸ್ಯನಾಗಿ ಓದಿಲ್ಲ. ಇನ್ನು ಮುಂದೆ ಇಂಥದ್ದನ್ನು ನನಗೆ ಬರೆಯಬೇಡ. ನಿಯಮದ ಪ್ರಕಾರ ಅದು ಸುಳ್ಳು ಮೌಲ್ಯಮಾಪನ, ನಿನ್ನ ಸಾಹೇಬರ ಕುತ್ತಿಗೆಗೆ ಬರುತ್ತದೆ.

ಸೋಮಾರಿಯ ಕಥೆಯಲ್ಲಿ ನಿದ್ದೆ ಹೋಗುತ್ತಿದ್ದವಳು ನೀನು, ನಾನಲ್ಲ. ಕೊನೆಯಲ್ಲಿ ರಾಜ ವೇಷ ಮರೆಸಿಕೊಂಡು ಬರುತ್ತಾನೆ, ಸರದಿಯ ಗುಟ್ಟು ತಿಳಿದು ನಗುತ್ತಾನೆ, ಛಡಿ ಮುರಿದು ಒಲೆಗೆ ಹಾಕಿಸುತ್ತಾನೆ.

ನಿನ್ನ
ತಮ್ಮ


ಎಪ್ರಿಲ್ ೯

ಸದಸ್ಯರಿಗಲ್ಲ, ಮೊಂಡನಿಗೆ,

ನಿನ್ನ ಕಾಗದ ಓದಿ ನಿನ್ನ ಹಳೆಯ ಬೆನ್ನು ನೆನಪಾಯಿತು. ಅಮ್ಮ ಹೋದ ಹೊಸದರಲ್ಲಿ, ಮುನಿಸು ಬಂದರೆ ನೀನು ಗೋಡೆಗೆ ಮುಖ ಮಾಡಿ ಮಲಗಿ "ನನಗೆ ಊಟ ಬೇಡ" ಅನ್ನುತ್ತಿದ್ದೆ. ನಾನು ಒಂದು ಸಲ ಕರೆಯುತ್ತಿದ್ದೆ, "ಬೇಡ." ಇನ್ನೊಂದು ಸಲ, "ಬೇಡಾ ಅಂದ್ನಲ್ಲ!" ಮೂರನೆಯ ಸಲ ತಟ್ಟೆಯನ್ನೇ ತಂದು ಬೆನ್ನ ಹಿಂದೆ ಇಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೆನ್ನು ಅಲ್ಲೇ ಇರುತ್ತಿತ್ತು, ಕೈ ಮಾತ್ರ ಹಿಂದೆ ಬಂದು ತಟ್ಟೆ ಹುಡುಕುತ್ತಿತ್ತು. ಮೊಂಡ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಮುದ್ರೆಯವನಿಗೆ ವರ್ಗಾವಣೆ ಸಿಕ್ಕಿತು. ಹೋಗುವ ದಿನ ಕಚೇರಿಯಲ್ಲಿ ಎಲ್ಲರ ಕಾಲಿಗೂ ಬೀಳುತ್ತಾ ಬಂದ. ಕಾಗದಪತ್ರ ಬರೆಯುವ ನಮ್ಮ ಗುಮಾಸ್ತೆ ಅವನಿಗಿಂತ ಚಿಕ್ಕವಳು, ಹೆದರಿ ಕುರ್ಚಿ ಹತ್ತಿ ನಿಂತಳು. ನನಗೆ ಅವನ ಹಳೆಯ ಚಿಕ್ಕ ಸುತ್ತಿಗೆ ಕೊಟ್ಟ. "ಅಕ್ಕಾ, ಇದನ್ನ ಬಿಟ್ರೆ ನನ್ನ ಹತ್ರ ನನ್ನದು ಅಂತ ಏನೂ ಇಲ್ಲ" ಎಂದ.

ನಿನ್ನ ಮಂಡಳಿಯ ಸುತ್ತೋಲೆ ಬಂದಿದೆ. ಸಾಹೇಬರು ಗೋಡೆಗೆ ಅಂಟಿಸಿದರು, ಎಲ್ಲರೂ ನಿಂತು ಓದಿದೆವು. ಐದು ವರ್ಷದೊಳಗೆ ಎರಡು ಸಲ ಕಳಪೆ ಬಂದವರನ್ನು ಸೇವೆಯಿಂದ ತೆಗೆಯುವುದು, ಆದರೆ ಅದಕ್ಕೆ ಮೊದಲು ಸ್ವತಂತ್ರ ಮಂಡಳಿ ಪರಿಶೀಲಿಸುವುದು ಎಂದು ಇದೆ. ಓದಿ ಮುಗಿಸಿದವರೆಲ್ಲ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಾನು ಬೆರಳು ಮಡಿಸಿ ನೋಡಿದೆ. ಸರದಿ ಶುರು ಮಾಡಿದವಳು ನಾನು, ಮುದ್ರೆಯವನದನ್ನು ತೆಗೆದುಕೊಂಡವಳೂ ನಾನು. ಸರಿಯಾಗಿ ಐದು ವರ್ಷಕ್ಕೆ ಎರಡು.

ಅದೇನು ಬರೀ ಬೆದರಿಸಲು ಬರೆದದ್ದೋ, ನಿಜವಾಗಿ ಮಾಡುತ್ತಾರೋ?

ಅಕ್ಕ


ಎಪ್ರಿಲ್ ೧೬

ಅಕ್ಕ,

ನಿನ್ನ ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ನಿಜವಾಗಿ ಮಾಡುತ್ತಾರೆ. ಸುಮ್ಮನೆ ಅಧಿಕಾರಿಯ ಮಾತಿನ ಮೇಲೆ ಯಾರನ್ನೂ ತೆಗೆಯಬಾರದು, ಮಂಡಳಿ ನೋಡಿಯೇ ತೆಗೆಯಬೇಕು ಎಂಬ ಸಾಲನ್ನು ಹಟ ಹಿಡಿದು ಸೇರಿಸಿದವನು ನಾನೇ. ಎರಡು ಸಲ ಎಂಬುದು ಮೊದಲೇ ಇತ್ತು.

ನಿನ್ನ ಕಡತ ಬಂದಾಗ ನಾನು ಕೋಣೆಯಲ್ಲಿ ಇರುವಂತಿಲ್ಲ. ಸಂಬಂಧಿಕರ ವಿಷಯದಲ್ಲಿ ಸದಸ್ಯ ಎದ್ದು ಹೊರಗೆ ಹೋಗಬೇಕು. ಒಳಗಿರುವ ನಾಲ್ಕು ಜನರಿಗೆ ಸರದಿಯ ವಿಷಯ ಗೊತ್ತಾಗದಿದ್ದರೆ ಅವರಿಗೆ ಕಾಣುವುದು ಎರಡು ಕಳಪೆ ಮಾತ್ರ. ಗೊತ್ತಾದರೆ ನೀನು ಉಳಿಯುತ್ತೀಯ. ನಿನ್ನ ಸಾಹೇಬರ ಮೇಲೆ, ಉಳಿದವರ ಮೇಲೆ ಕ್ರಮ ಆಗುತ್ತದೆ.

ಹೇಳಲೇ? ನೀನು ಹೂಂ ಎಂದರೆ ನಾಳೆಯೇ ಅಧ್ಯಕ್ಷರ ಹತ್ತಿರ ಹೋಗುತ್ತೇನೆ.

ತಮ್ಮ


ಎಪ್ರಿಲ್ ೨೮

ಮೊಂಡ,

ಬೇಡ.

ಸಾಹೇಬರಿಗೆ ನಿವೃತ್ತಿ ಹತ್ತಿರ ಬಂದಿದೆ, ಮುದಿ ವಯಸ್ಸಿನಲ್ಲಿ ಸುಳ್ಳು ಬರೆದವನು ಎಂಬ ಹೆಸರು ಹೊತ್ತು ಮನೆಗೆ ಹೋಗಬೇಕೇ? ಮುದ್ರೆಯವನನ್ನು ಮತ್ತೆ ಇಲ್ಲಿಗೆ ಎಳೆದು ತರುತ್ತಾರೆ. ಅವನ ಕೂಸು ಈಗ ತಾನೇ ಅವನನ್ನು ಅಪ್ಪ ಎಂದು ಕರೆಯಲು ಕಲಿತಿದೆಯಂತೆ. ನಾನು ಎಲ್ಲರನ್ನೂ ಕೂರಿಸಿ, ಮುದ್ರೆಯವನಿಗೆ ಫೋನು ಮಾಡಿ, ಯಾರೂ ಬಾಯಿ ಬಿಡಬಾರದು ಎಂದು ಆಣೆ ಮಾಡಿಸಿದ್ದೇನೆ. ಆಣೆ ಮಾಡಿಸಿದವಳ ತಮ್ಮನೇ ಹೋಗಿ ಊದಿದರೆ ಹೇಗೆ?

ಇಷ್ಟಕ್ಕೂ ಯಾಕೆ ಹೆದರುತ್ತೀಯ? ಸ್ವತಂತ್ರ ಮಂಡಳಿ ಎಂದರೆ ಬಂದು ನೋಡುತ್ತಾರಲ್ಲ. ನನ್ನ ಜೊತೆ ಸಂತೆಗೆ ಬರಲಿ. ಹಳೇ ಪೇಟೆಯ ದಿನಸಿ ಅಂಗಡಿಯವನಿಗೆ ನಾನು ಎರಡು ಸಲ ದಂಡ ಹಾಕಿದ್ದೇನೆ, ಇವತ್ತಿಗೂ ನನ್ನ ನೆರಳು ಕಂಡರೆ ತಕ್ಕಡಿಯ ತಟ್ಟೆ ಒರೆಸುತ್ತಾನೆ. ಸಾಮಾನಿನ ತಟ್ಟೆಯ ತಳಕ್ಕೆ ಹುಣಸೆಹಣ್ಣು ಮೆತ್ತಿದವರನ್ನು, ಅದರ ಕೆಳಗೆ ಅಯಸ್ಕಾಂತ ಇಟ್ಟವರನ್ನು ನಾನು ಕಥೆ ಹೇಳುತ್ತಲೇ ಹಿಡಿದಿದ್ದೇನೆ. ಕಥೆ ಕೇಳುವವನ ಕೈ ಸಡಿಲವಾಗುತ್ತದೆ, ಅದೇ ನನ್ನ ಉಪಾಯ. ಅಷ್ಟು ವರ್ಷದ ಕೆಲಸ ಕಣ್ಣಿದ್ದವರಿಗೆ ಕಾಣುವುದಿಲ್ಲವೇ?

ಅಕ್ಕ


ಮೇ ೭

ಅಕ್ಕ,

ಸರಿ. ನೀನು ಬೇಡ ಎಂದಮೇಲೆ ಮುಗಿಯಿತು. ನಿನ್ನ ಮಾತಿಗೆ ನಾನು ಎದುರಾಡುವುದಿಲ್ಲ.

ಯೋಚಿಸಿ ನೋಡಿದರೆ ನೀನು ಹೇಳಿದ್ದೇ ಸರಿ. ನನ್ನ ಅಕ್ಕನಿಗಾಗಿ ನಾನು ಅಧ್ಯಕ್ಷರ ಬಾಗಿಲು ತಟ್ಟಿದರೆ, ಷಡ್ಡಕನಿಗೆ ಅತ್ಯುತ್ತಮ ಬರೆದವನಿಗೂ ನನಗೂ ಏನು ವ್ಯತ್ಯಾಸ? ಪರಿಶೀಲನೆಗೆ ಬರುವವರು ನಿಷ್ಪಕ್ಷಪಾತಿಗಳು. ಧೈರ್ಯವಾಗಿರು.

ತಮ್ಮ


ಜೂನ್ ೨

ಮೊಂಡನಿಗೆ,

ನಿನ್ನ ಮಂಡಳಿಯ ಪರೀಕ್ಷಕಿ ಬಂದು ಹೋದರು. ನೆಗಡಿಯಾಗಿತ್ತು ಪಾಪ, ಕೈಯಲ್ಲಿ ಕರವಸ್ತ್ರ, ಕಂಕುಳಲ್ಲಿ ಕಂಪ್ಯೂಟರು. ಒಳ್ಳೆಯ ಹೆಂಗಸು. ನಮ್ಮ ಗುಮಾಸ್ತೆ ಬಿಸಿನೀರು ಕಾಯಿಸಿ ಕೊಟ್ಟಳು. ನಾನು ಅವತ್ತು ಎಲ್ಲಕ್ಕೂ ತಯಾರಾಗಿದ್ದೆ. ಹಿತ್ತಾಳೆಯ ಮಾದರಿ ಕಲ್ಲುಗಳನ್ನು ತೆಗೆದು ಮಖಮಲ್ಲಿನ ಮೇಲೆ ಜೋಡಿಸಿದ್ದೆ. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರು ತಾಗಿದರೆ ತೂಕ ಕೆಡುತ್ತದೆ. ಚಿಮಟದಲ್ಲೇ ಎತ್ತಬೇಕು. ನನ್ನ ಮೊದಲ ಸಂಬಳದ ದಿನ ಅವನ್ನು ತೋರಿಸಲು ನಿನ್ನನ್ನು ಕರೆದುಕೊಂಡು ಬಂದಿದ್ದೆ, ನೆನಪಿದೆಯೇ? ನೀನು ಮುಟ್ಟಿಬಿಟ್ಟೆ, ನಾನು ಬೈಸಿಕೊಂಡೆ.

"ಮೇಡಂ, ಸಂತೆಗೆ ಹೋಗೋಣ್ವಾ? ಇವತ್ತು ಜನ ಜಾಸ್ತಿ ಇರುತ್ತೆ, ಕೆಲಸ ನೋಡಬಹುದು" ಎಂದೆ.

ಆಕೆ ಮೂಗು ಒರೆಸಿಕೊಂಡು, "ಇಲ್ಲಮ್ಮ, ಕೆಲಸ ನೋಡೋದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು.

"ಮತ್ತೆ ಏನು ನೋಡ್ತೀರಿ?"

"ಕೆಲಸಕ್ಕೆ ಹಾಕಿದ ದರ್ಜೆ ಇದೆಯಲ್ಲ, ಅದನ್ನ ಕ್ರಮಬದ್ಧವಾಗಿ ಹಾಕಿದ್ದಾರಾ ಅಂತ. ಸಹಿ ಇದೆಯಾ, ಕಾರಣ ಬರೆದಿದ್ದಾರಾ, ನೌಕರರಿಗೆ ತೋರಿಸಿದ್ದಾರಾ, ಯಾರ ಮೇಲಾದರೂ ದ್ವೇಷ ಇದೆಯಾ."

"ಒಬ್ಬರ ಕೆಲಸಾನೇ ನೋಡದೆ ದರ್ಜೆ ಸರೀನಾ ಅಂತ ಹೇಗೆ ಗೊತ್ತಾಗುತ್ತೆ?"

"ನೀವು ತಕ್ಕಡಿ ನೋಡ್ತೀರಿ. ಅಕ್ಕಿ ಬೆಂದಿದೆಯಾ ಅಂತ ನೋಡ್ತೀರಾ?" ಎಂದು ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ಉತ್ತರ ಮನೆಗೆ ಬಂದಮೇಲೆ ಹೊಳೆಯಿತು: ತಕ್ಕಡಿ ನೋಡಲು ಅದರ ಮೇಲೆ ಏನನ್ನಾದರೂ ಇಡಬೇಕಲ್ಲ, ತಾಯಿ. ಬರಿ ತಕ್ಕಡಿ ಎಲ್ಲ ಕಾಲಕ್ಕೂ ನೆಟ್ಟಗೇ ನಿಂತಿರುತ್ತದೆ.

ನಿನ್ನ ಭಾವನಿಗೆ ಹೇಳಿದೆ. ಅವರು ಬಾಯಲ್ಲಿದ್ದ ಸೂಜಿ ತೆಗೆದು, "ಅಳತೆ ಪಟ್ಟಿ ನೋಡೋಕೆ ಬಂದೋರು, ಅಂಗಿ ಯಾರಿಗೆ ಅಂತ ಕೇಳಲೇ ಇಲ್ವಾ?" ಎಂದರು.

ಪರೀಕ್ಷಕಿ ನಿಮ್ಮ ನಿಯಮಗಳ ಪುಸ್ತಕ ಒಂದನ್ನು ಬಿಟ್ಟುಹೋಗಿದ್ದಾರೆ. ಈಗ ಅದನ್ನೇ ಓದುತ್ತಿದ್ದೇನೆ. ನಿನಗೆ ಏನಾದರೂ ಬರೆಯುವುದಿದ್ದರೆ ಬರೆ. ವಿಚಾರಣೆ ಮುಂದಿನ ತಿಂಗಳಂತೆ.

ಅಕ್ಕ


ಜುಲೈ ೧೮

ಅಕ್ಕ,

ನಿನ್ನೆ ನಿನ್ನ ಕಡತ ಬಂತು. ಆದೇಶ ಅಂಚೆಯಲ್ಲಿ ಬರುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಬೆಳಗ್ಗೆ ನಿಮ್ಮ ಕಚೇರಿಯ ಒಟ್ಟು ಚಿತ್ರ ನೋಡಿದರು. ಆಗ ನಾನು ಒಳಗಿದ್ದೆ. ಅಧ್ಯಕ್ಷರು ಕನ್ನಡಕ ಹಣೆಗೆ ಏರಿಸಿ, "ಇದನ್ನ ನೋಡ್ರಿ. ಬೇರೆ ಕಡೆ ಎಲ್ಲಾ ವರ್ಷಾ ವರ್ಷಾ ಒಬ್ಬನೇ ರಾಜ, ಒಬ್ಬನೇ ಕತ್ತೆ. ಇಲ್ಲಿ ಯಾರ ಮೇಲೂ ಪ್ರೀತಿ ಇಲ್ಲ, ಯಾರ ಮೇಲೂ ಹಗೆ ಇಲ್ಲ. ಎಷ್ಟು ಸಮವಾಗಿ ಹಂಚಿದೆ! ಇಂಥ ಅಧಿಕಾರಿ ಬೇಕು" ಎಂದರು. ನಿಮ್ಮ ಸರದಿಯನ್ನು ಅವರು ನ್ಯಾಯ ಎಂದು ಓದಿದರು. ರಾಜ್ಯಕ್ಕೇ ಮಾದರಿ ಕಚೇರಿ ಎಂದು ಗುರುತಿಸಿದರು.

ಆಮೇಲೆ ನಿನ್ನ ಹೆಸರು ಬಂತು. ನಾನು ಎದ್ದು ಹೊರಗೆ ಹೋದೆ. ಬಾಗಿಲನ್ನು ನಾನೇ ಎಳೆದುಕೊಂಡೆ. ನಿಯಮದಂತೆ ನಾನು ಮಾಡಬಹುದಾಗಿದ್ದು ಅದೊಂದೇ.

ಕಾರಿಡಾರಿನಲ್ಲಿ ಒಂದು ಬೆಂಚು ಇದೆ. ಎದುರುಗಡೆ ನೀರಿನ ಡಬ್ಬಿ, ಅದರ ನಲ್ಲಿ ಸೋರುತ್ತದೆ. ಅಲ್ಲಿ ಕೂತೆ. ಬಾಗಿಲು ದಪ್ಪದ್ದು, ಮಾತು ಕೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ನಕ್ಕರು. ಅದು ಕೇಳಿಸಿತು. ಯಾವ ಸಾಲು ಓದಿದರೆಂದು ನನಗೆ ಗೊತ್ತಾಯಿತು. ಕಥೆ ಸರಿಯಾಗಿ ತೂಗುತ್ತದೆ, ತಕ್ಕಡಿಯ ವಿಷಯ ದೇವರೇ ಬಲ್ಲ.

ಒಳಗೆ ಕರೆದಾಗ ಮುಗಿದಿತ್ತು. ಇಷ್ಟು ನಿಷ್ಪಕ್ಷಪಾತಿಯಾದ ಅಧಿಕಾರಿ ಒಬ್ಬರಿಗೇ ಎರಡು ಸಲ ಕಳಪೆ ಎಂದು ಬರೆದಿದ್ದಾರೆ ಎಂದರೆ ಅದು ನಿಜವೇ ಇರಬೇಕು ಎಂದು ತೀರ್ಮಾನಿಸಿದರಂತೆ. ಪಕ್ಕದ ಕುರ್ಚಿಯವರು ನನ್ನ ಭುಜ ತಟ್ಟಿ, "ಒಂದು ಮಾತಾಡದೆ ಎದ್ದು ಹೋದ್ರಲ್ಲ, ಅದು ದೊಡ್ಡತನ" ಎಂದರು.

ಭಾವನಿಗೆ ನಮಸ್ಕಾರ ಹೇಳು.

ತಮ್ಮ


ಆಗಸ್ಟ್ ೫

ಆದೇಶ ಬಂತು. ಪೆಟ್ಟಿಗೆ, ಮಾದರಿ ಕಲ್ಲು, ಚಿಮಟ ಎಲ್ಲ ಒಪ್ಪಿಸಿದೆ. ಒಪ್ಪಿಸುವ ಮುಂಚೆ ಒಂದೊಂದನ್ನೂ ತೂಗಿ ತೋರಿಸಿದೆ. ಎಲ್ಲ ಸರಿಯಿದ್ದವು.

ಅಕ್ಕ


ಸೆಪ್ಟೆಂಬರ್ ೧೨

ಅಕ್ಕನಿಗೆ,

ಫೋನು ಮಾಡಿದರೆ ಭಾವ ಎತ್ತುತ್ತಾರೆ, ನೀನು ಅಂಗಡಿಗೆ ಹೋಗಿದ್ದೀಯ ಎನ್ನುತ್ತಾರೆ. ಎಷ್ಟು ಹೊತ್ತಿಗೆ ಮಾಡಿದರೂ ಅಂಗಡಿ.

ಮೇಲ್ಮನವಿಗೆ ಅವಕಾಶ ಇದೆ. ಅದು ಬೇರೆ ಪೀಠ, ನಾನು ಇರುವುದಿಲ್ಲ. ಕಾಗದಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಸಹಿ ಮಾಡಿ ಕಳಿಸಿದರೆ ಸಾಕು.

ತಮ್ಮ


ಅಕ್ಟೋಬರ್ ೨೦

ಅಕ್ಕ,

ಬೈದಾದರೂ ಬರೆ.

ಮೊಂಡ


ಡಿಸೆಂಬರ್ ೧೪

ಮೊಂಡ,

ಬೈಯಲು ಬರೆಯುತ್ತಿಲ್ಲ. ಕಾಗದ ಬಾಕಿ ಉಳಿಸಿಕೊಳ್ಳಬಾರದು ಎಂದು ಬರೆಯುತ್ತಿದ್ದೇನೆ.

ಭಾವ ಹೇಳುವ ಅಂಗಡಿ ಸುಳ್ಳಲ್ಲ. ಹಳೇ ಪೇಟೆಯ ದಿನಸಿಯವನ ತಕ್ಕಡಿಯ ಮುಂದೆ ಈಗ ನಾನೇ ಕೂರುತ್ತೇನೆ. ಅವನೇ ಮನೆಗೆ ಬಂದು ಕರೆದ. "ಅಮ್ಮ, ನಿಮಗೆ ಹೆದರ್ಕೊಂಡು ಇಷ್ಟು ವರ್ಷ ಸರಿಯಾಗಿ ತೂಗಿದೆ. ಇನ್ನು ನೀವೇ ತೂಗಿಬಿಡಿ, ನನಗೆ ಹೆದರೋದಾದರೂ ತಪ್ಪುತ್ತೆ" ಎಂದ. ಮೊನ್ನೆ ನನ್ನ ಜಾಗಕ್ಕೆ ಬಂದವಳು ಪರೀಕ್ಷೆಗೆ ಬಂದಿದ್ದಳು. ನನ್ನ ಮುಖ ನೋಡಲಾರದೆ ತಕ್ಕಡಿಯನ್ನೂ ನೋಡದೆ ಬರೆದುಕೊಂಡಳು. "ಕಲ್ಲು ಎತ್ತಿ ತಳ ನೋಡಮ್ಮ, ನಾಚಿಕೆ ಮಾಡ್ಕೋಬೇಡ" ಎಂದೆ. ಅತ್ತುಬಿಟ್ಟಳು. ಅವಳಿಗೆ ಈ ವರ್ಷ ಕಿಟಕಿಯ ಮೇಜು ಕೊಟ್ಟಿದ್ದಾರಂತೆ. ಸರದಿ ನಿಂತಿಲ್ಲ, ಹೊಸಬರಿಂದ ಶುರು ಮಾಡಿದ್ದಾರೆ. ನಾನು ಹಳಬಳಿಂದ ಶುರು ಮಾಡಿದ್ದೆ.

ಬೀರುವಿನ ಒಂದು ಕೀಲಿ ನನ್ನ ಹತ್ತಿರ ಉಳಿದಿತ್ತು, ಕೊಡಲು ಕಚೇರಿಗೆ ಹೋಗಿದ್ದೆ. ಸಾಹೇಬರು ಎದ್ದು ನಿಂತರು, ಕೆಮ್ಮಿದರು, ಇನ್ನೊಮ್ಮೆ ಕೆಮ್ಮಿದರು, ಕೂತರು. ಕಿಟಕಿಯ ಮೇಲೆ ಚೌಕಟ್ಟು ಹಾಕಿ ಪ್ರಶಸ್ತಿ ಪತ್ರ ತೂಗಿಸಿದ್ದಾರೆ. ಮಾದರಿ ಕಚೇರಿ. ಕೆಳಗೆ ಐದು ಸಹಿ. ಎರಡನೆಯದು ನಿನ್ನದು. ಸಹಿ ಹಾಕಿದ್ದನ್ನು ನೀನು ನನಗೆ ಬರೆದಿರಲಿಲ್ಲ. ಕೊನೆಯ ಅಕ್ಷರಕ್ಕೆ ಬಾಲ ಎಳೆಯುವುದನ್ನು ಇನ್ನೂ ಬಿಟ್ಟಿಲ್ಲ ನೀನು. ಸ್ಲೇಟಿನ ಮೇಲೆ ಕೈ ಹಿಡಿದು ಕಲಿಸಿದವಳು ನಾನು, ಗುರುತು ಸಿಗದೆ ಇರುತ್ತದೆಯೇ.

ನಾನೂ ಒಂದನ್ನು ಬರೆದಿರಲಿಲ್ಲ. ವಿಚಾರಣೆಗೆ ಮುಂಚೆ ಮುದ್ರೆಯವನು ಬಂದಿದ್ದ. ಬಸ್ಸು ಬದಲಿಸಿಕೊಂಡು, ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡು. ಬಾಗಿಲಲ್ಲೇ ನಿಂತು, "ಅಕ್ಕಾ, ನಾನು ಹೋಗಿ ಎಲ್ಲಾ ಹೇಳ್ಬಿಡ್ತೀನಿ" ಎಂದ. ಬೇಡ ಎಂದೆ. ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ಹಿಡಿದು, "ಇಲ್ಲ ಅಕ್ಕಾ, ಹೇಳ್ತೀನಿ" ಎಂದ. ಮಾಡಿಸಿದ ಆಣೆ ಮರೆತೆಯಾ ಎಂದು ಗದರಿದೆ. ಹೊರಟವನು ರಸ್ತೆಯ ತಿರುವಿನಿಂದ ವಾಪಸು ಬಂದು ಮತ್ತೆ ಕೇಳಿದ. "ನಿನ್ನ ಮಗಳ ಮೇಲಾಣೆ, ಸುಮ್ಮನೆ ಹೋಗು" ಎಂದು ಬಾಗಿಲು ಹಾಕಿಕೊಂಡೆ. ಆ ದಿನ ಚೆನ್ನಾಗಿ ನಿದ್ದೆ ಬಂತು.

ಪರೀಕ್ಷಕಿ ಬಿಟ್ಟುಹೋದ ಪುಸ್ತಕವನ್ನು ಜೂನಿನಲ್ಲೇ ಪೂರ್ತಿ ಓದಿದ್ದೆ. ಸಂಬಂಧದ ಕಾರಣಕ್ಕೆ ಹೊರಗೆ ಕೂತ ಸದಸ್ಯ ತನಗೆ ತಿಳಿದ ಸಂಗತಿಯನ್ನು ಸಾಕ್ಷಿಯಾಗಿ ಬರೆದು ಒಳಗೆ ಕಳಿಸಬಹುದು ಎಂದು ಅದರಲ್ಲಿ ಇದೆ. ಮಾಡಬಹುದಾಗಿದ್ದು ಬಾಗಿಲು ಎಳೆದುಕೊಳ್ಳುವುದೊಂದೇ ಎಂದು ನೀನು ಬರೆದೆ. ಆ ನಿಯಮ ನಿನಗೆ ಗೊತ್ತಿರಲಿಲ್ಲ ಎಂದು ನಂಬಲು ನೋಡಿದೆ. ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಬರೆದವರ ಹೆಸರಿದೆ. ನಿನ್ನದೂ ಇದೆ.

ಮೇಲ್ಮನವಿಯ ಕಾಗದಗಳನ್ನು ವಾಪಸು ಕಳಿಸುತ್ತಿದ್ದೇನೆ. ಭಾವ ಕನ್ನಡಿಯ ಮೇಲಿನ ಪುಟವನ್ನು ತೆಗೆದಿಲ್ಲ, ನಾನೂ ತೆಗೆಯಲು ಹೇಳಿಲ್ಲ. ಬಿಸಿಲು ಬೀಳುವ ಜಾಗ, ಅದೇ ಮಾಸುತ್ತಿದೆ. ಇವರ್ಯಾರು ಎಂದು ಗಿರಾಕಿ ಕೇಳಿದರೆ ಈಗ ತೋಳಿನ ಅಳತೆ ಜೋರಾಗಿ ಹೇಳುತ್ತಾರೆ.

ಸೋಮಾರಿಯ ಕಥೆಗೆ ನೀನು ಹೇಳಿದ ಕೊನೆ ಅಜ್ಜಿಯದಲ್ಲ. ಛಡಿ ಮುರಿದು ಒಲೆಗೆ ಹಾಕುವ ರಾಜರು ಅವಳಿಗೆ ಗೊತ್ತಿರಲಿಲ್ಲ.

ಬೇಡ ಎಂದೆ, ನಿಜ. ಇನ್ನೊಂದು ಸಲ ಕೇಳಿದ್ದರೂ ಬೇಡ ಎನ್ನುತ್ತಿದ್ದೆ. ಮೂರನೆಯ ಸಲವೂ ಬೇಡವೇ. ಆದರೆ ಬೆನ್ನ ಹಿಂದೆ ಯಾರೋ ತಟ್ಟೆ ತಂದಿಟ್ಟ ಸದ್ದಾದರೂ ಕೇಳುತ್ತಿತ್ತು.

ನೀನು ಒಂದೇ ಸಲ ಕೇಳಿದೆ.

ಅಕ್ಕ